ಹೇನಿಗಾಗಿ ಮಗಳ ತಲೆ ಬೋಳಿಸಬೇಡಿ

ಅಕ್ಕಾ, ವಸತಿ ಶಾಲೆಯಿಂದ ಜಮಖಂಡಿಗೆ ರಜೆಗೆ ಬಂದ 11 ವರ್ಷದ ಮಗಳ ತಲೆ ತುಂಬ ಹೇನು, ಬೋಳಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಬೋಳಿಸಿದರೆ ಹೇನು ಹೋಗುತ್ತದೆ, ನಿಜ. ಆದರೆ ಆ ಹುಡುಗಿ ಬೋಳು ತಲೆಯಲ್ಲಿ ಗೆಳತಿಯರ ನಡುವೆ ಹೋಗಿ ಕೂರಬೇಕಲ್ಲ! ಹೇನು ಕೊಳಕಿನ ಗುರುತೂ ಅಲ್ಲ. ತಲೆಗೆ ತಲೆ ತಾಗಿದರೆ ಸಾಕು, ನಿತ್ಯ ತೊಳೆದ ಕೂದಲಿಗೂ ಹತ್ತುತ್ತದೆ.

ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ, ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಿ. ಎಣ್ಣೆಗೆ ಹೇನಿನ ಓಟ ನಿಧಾನವಾಗುತ್ತದೆ, ಆದರೆ ಕೂದಲಿಗೆ ಬಿಗಿಯಾಗಿ ಅಂಟಿದ ಸೀರು ಜಗ್ಗುವುದಿಲ್ಲ. ಅದು ಒಡೆದು ಮರಿಯಾಗಲು 7ರಿಂದ 10 ದಿನ ಬೇಕು. ಒಮ್ಮೆ ಬಾಚಿ ಬಿಟ್ಟರೆ ಹೇನು ಮರಳುವುದು ಇದಕ್ಕೇ. ಎರಡು ಮೂರು ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ ಬಾಚಿ. ಮನೆಯವರೆಲ್ಲರ ತಲೆಯನ್ನೂ ನೋಡಿ. ಔಷಧ ಬೇಕೆನಿಸಿದರೆ ವೈದ್ಯರನ್ನು ಕೇಳಿ ಪರ್ಮೆಥ್ರಿನ್ ಲೋಷನ್ ಹಚ್ಚಿ. ಸೀಮೆಎಣ್ಣೆಯಾಗಲಿ, ಕಬ್ಬಿಗೆ ಹೊಡೆಯುವ ಕೀಟನಾಶಕವಾಗಲಿ ಮಗುವಿನ ತಲೆಗೆ ಸೋಕಲೇಬಾರದು, ಅದು ವಿಷ.

ಹಾಸಿಗೆಯ ಚಿಂತೆ ಅಷ್ಟು ಬೇಡ, ತಲೆ ಬಿಟ್ಟ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ಶಾಲೆಗೆ ಕಳಿಸುವಾಗ ಎರಡು ಜಡೆ ಬಿಗಿಯಾಗಿ ಹೆಣೆದು, ಅವಳದೇ ಒಂದು ಹಣಿಗೆಯನ್ನು ಚೀಲದಲ್ಲಿಡಿ.