ಮೋಲ್ ಸೇರು ಅಲ್ಲ, ಡಜನ್

ಮೇಡಂ, ನಮಸ್ಕಾರ.

ಪರಮಾಣು, ಅಣುಗಳನ್ನು ಎಣಿಸುವ ರಸಾಯನಶಾಸ್ತ್ರದ ಅಳತೆಯಾದ ಮೋಲ್ ಬಗ್ಗೆ ಮಂಡ್ಯದಿಂದ ನೀವು ಕಳಿಸಿದ ಲೇಖನ 'ಮೋಲ್ ಎಂಬ ಮಾಯೆ' ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ, ಅದಕ್ಕೇ ಈ ಕಾಗದ.

ಮೊದಲು ನಿಮ್ಮ ಹೋಲಿಕೆ. 'ಮೋಲ್ ಎಂದರೆ ನಮ್ಮ ಸೇರು ಇದ್ದ ಹಾಗೆ' ಎಂದಿದ್ದೀರಿ. ಸೇರು ತುಂಬಾ ರಾಗಿ, ಸೇರು ತುಂಬಾ ಅವರೆಕಾಳು ಅಳೆದರೆ ಕಾಳುಗಳ ಎಣಿಕೆ ಒಂದೇ ಬರುತ್ತದೆಯೇ? ಇಲ್ಲ, ಅಲ್ವಾ? ಮೋಲ್ ಎಣಿಕೆಯ ಲೆಕ್ಕ, ಡಜನ್ ಇದ್ದ ಹಾಗೆ. ಇಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಂದು ಡಜನ್ ಏಲಕ್ಕಿ ಬಾಳೆ, ಒಂದು ಡಜನ್ ಪಚ್ಚಬಾಳೆ ಕೊಂಡರೆ ಎರಡರಲ್ಲೂ ಹನ್ನೆರಡೇ ಹಣ್ಣು. ಚೀಲದ ಭಾರ ಮಾತ್ರ ಬೇರೆ. ಹಾಗೆಯೇ ಒಂದು ಮೋಲ್ ಅಲ್ಯೂಮಿನಿಯಂ ಸುಮಾರು 27 ಗ್ರಾಂ, ಒಂದು ಮೋಲ್ ಚಿನ್ನ ಸುಮಾರು 197 ಗ್ರಾಂ. ಎರಡರಲ್ಲೂ ಪರಮಾಣುಗಳು 6.022 × 10²³.

ಇದು ಗಟ್ಟಿಯಾಗದೆ ಎರಡನೇ ಪುಟದಲ್ಲಿ ಎಡವಿದ್ದೀರಿ. 'ಚಿನ್ನ ಭಾರ, ಹಾಗಾಗಿ 10 ಗ್ರಾಂ ಚಿನ್ನದಲ್ಲಿ 10 ಗ್ರಾಂ ಅಲ್ಯೂಮಿನಿಯಂಗಿಂತ ಪರಮಾಣುಗಳು ಜಾಸ್ತಿ.' ಪೂರ್ತಿ ಉಲ್ಟಾ! 10ನ್ನು 197ರಿಂದ ಭಾಗಿಸಿ, ಸುಮಾರು 0.05 ಮೋಲ್. 27ರಿಂದ ಭಾಗಿಸಿ, 0.37 ಮೋಲ್. ಅಲ್ಯೂಮಿನಿಯಂನಲ್ಲೇ ಏಳು ಪಟ್ಟಿಗೂ ಹೆಚ್ಚು. ತೂಕ ಒಂದೇ ಆದಾಗ ಹಗುರ ಪರಮಾಣುವಿನ ಎಣಿಕೆಯೇ ದೊಡ್ಡದು. ಒಂದು ಕಿಲೋ ರಾಗಿಯಲ್ಲಿ ಎಷ್ಟು ಕಾಳು, ಒಂದು ಕಿಲೋ ಅವರೆಯಲ್ಲಿ ಎಷ್ಟು, ನೀವೇ ಯೋಚಿಸಿ. ನಿಮ್ಮ ರಾಗಿ-ಅವರೆ ಇಲ್ಲಿ ಕೆಲಸಕ್ಕೆ ಬರುತ್ತದೆ, ಸೇರನ್ನು ಬಿಟ್ಟು ತಕ್ಕಡಿ ಹಿಡಿದರೆ.

ಸಕ್ಕರೆಯ ಮಾತು ಮಂಡ್ಯದವರಿಗೆ ಬಿಡಲಾಗದು, ಸರಿ. ಆದರೆ ಒಂದು ಮೋಲ್ ಸಕ್ಕರೆ, ಅಂದರೆ 342 ಗ್ರಾಂನಲ್ಲಿ, ಇರುವುದು 6.022 × 10²³ ಅಣುಗಳು, ಅಷ್ಟು ಪರಮಾಣುಗಳಲ್ಲ. ಒಂದೊಂದು ಅಣುವಿನಲ್ಲೂ 45 ಪರಮಾಣುಗಳಿವೆ: ಕಾರ್ಬನ್ 12, ಹೈಡ್ರೋಜನ್ 22, ಆಕ್ಸಿಜನ್ 11. ಇಟಲಿಯ ವಿಜ್ಞಾನಿ ಅವೊಗಾಡ್ರೊ 6.022 × 10²³ ಎಂಬ ಈ ಸಂಖ್ಯೆಯನ್ನು ಎಣಿಸಿದರು ಎಂಬ ಸಾಲನ್ನೂ ಹೊಡೆದುಹಾಕಿ. 1811ರಲ್ಲಿ ಅವರು ಹೇಳಿದ್ದು ಅನಿಲಗಳ ಬಗ್ಗೆ. ಸಂಖ್ಯೆಗೆ ಅವರ ಹೆಸರಿಟ್ಟದ್ದು ಫ್ರಾನ್ಸಿನ ವಿಜ್ಞಾನಿ ಪೆರಾಂ, 1909ರಲ್ಲಿ.

ನಿಮ್ಮ ಬರಹದ ಜೀವ ಕೊನೆಯ ಪುಟದಲ್ಲಿ ಅಡಗಿ ಕೂತಿದೆ. ನೂರು ಮೊಳೆ ಕೇಳಿದ ನಿಮ್ಮ ತಂದೆಗೆ ಅಂಗಡಿಯವರು ಒಂದೊಂದೇ ಎಣಿಸಲಿಲ್ಲ. ಹತ್ತು ಮೊಳೆ ತೂಗಿ, ಅದರ ಹತ್ತು ಪಟ್ಟು ತೂಕದ ಮೊಳೆ ಕೊಟ್ಟರು. ಮೋಲ್ ಎಂದರೆ ಇದೇ, ತೂಗಿ ಎಣಿಸುವ ಉಪಾಯ! ಅಲ್ಲಿಂದಲೇ ಶುರು ಮಾಡಿ. ಮೊದಲ ಪುಟದ ವಿಜ್ಞಾನದ ಹೊಗಳಿಕೆ ಪೂರ್ತಿ ತೆಗೆಯಿರಿ. ಮೂರು ಪುಟ ಸಾಕು. ಈ ಸಲ ಚಿನ್ನದ ಬದಲು ತಾಮ್ರದ ಲೆಕ್ಕ ಮಾಡಿ, ಕಚ್ಚಾ ಹಾಳೆಯನ್ನೂ ಜೊತೆಗೆ ಕಳಿಸಿ. ನೋಡುತ್ತೇನೆ.