ಇಎನ್ ಕೋರ್ಸಿಗೆ ಸೇರುವ ಮುಂಚೆ ಪ್ಲೇಸ್‌ಮೆಂಟ್ ಬಗ್ಗೆ ಕೇಳಿ

ಪ್ರಶ್ನೆ: ನಾವು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿದ್ದೇವೆ. ಪಿಆರ್ (ಕಾಯಂ ವಾಸದ ಅನುಮತಿ) ಆಗಿದೆ. ನಾನು ಸರ್ಟಿಫಿಕೇಟ್ 3 ಮುಗಿಸಿ ಏಜ್ಡ್ ಕೇರ್‌ನಲ್ಲಿ (ವಯಸ್ಸಾದವರ ಆರೈಕೆ) ಕೆಲಸ ಮಾಡುತ್ತಿದ್ದೇನೆ. ಈಗ ಎನ್‌ರೋಲ್ಡ್ ನರ್ಸ್ (ಇಎನ್) ಆಗಬೇಕೆಂಬ ಆಸೆ. ಮನೆ ಹತ್ತಿರದ ಖಾಸಗಿ ಕಾಲೇಜಿನವರು ‘ಯಾವ ಟೆಸ್ಟೂ ಇಲ್ಲ, ಮುಂದಿನ ತಿಂಗಳೇ ಕ್ಲಾಸ್ ಶುರು’ ಅನ್ನುತ್ತಾರೆ. ಸರ್ಕಾರಿ ಕಾಲೇಜು ಟೇಫ್‌ನಲ್ಲಿ ಫೀಸ್ ಇಲ್ಲ, ಆದರೆ ಸೀಟಿಗೆ ಕಾಯಬೇಕು. ಯಾವುದಕ್ಕೆ ಸೇರಲಿ?

ಉತ್ತರ: ಕಾಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಖಾಸಗಿ ಕಾಲೇಜುಗಳೆಲ್ಲ ಕೆಟ್ಟವು ಅಂತಲ್ಲ, ಚೆನ್ನಾಗಿ ಕಲಿಸುವವೂ ಇವೆ. ಆದರೆ ‘ಟೆಸ್ಟೇ ಇಲ್ಲ’ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಔಷಧಿಯ ಲೆಕ್ಕ ತಪ್ಪಿದರೆ ರೋಗಿಯ ಜೀವಕ್ಕೇ ಕುತ್ತು. ಓದು, ಬರಹ, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡದೆಯೇ ಸೇರಿಸಿಕೊಳ್ಳುವವರಿಗೆ ನಿಮ್ಮ ಫೀಸಿನ ಮೇಲೆ ಕಣ್ಣು, ಅಲ್ವಾ?

ಮೊದಲು ನೋಡಬೇಕಾದದ್ದು ಮಾನ್ಯತೆ. ಎಎಸ್‌ಕ್ಯೂಎ (ತರಬೇತಿ ಸಂಸ್ಥೆಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನೋಂದಣಿ ಇದೆ ಅಂತ ಕಾಲೇಜಿನವರು ತೋರಿಸುತ್ತಾರೆ. ಅದೊಂದೇ ಸಾಲದು. ಇಎನ್ ಆಗಲು ಓದುವ ಡಿಪ್ಲೊಮಾ ಆಫ್ ನರ್ಸಿಂಗ್ ಕೋರ್ಸಿಗೆ ಎಎನ್ಎಂಎಸಿ (ನರ್ಸಿಂಗ್ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆ) ಮಾನ್ಯತೆ ಬೇಕು, ಅದರ ಮೇಲೆ ನರ್ಸಿಂಗ್ ಬೋರ್ಡ್ ಒಪ್ಪಿಗೆಯೂ ಬೇಕು. ನರ್ಸ್, ಡಾಕ್ಟರ್ ಮುಂತಾದವರ ನೋಂದಣಿ ನೋಡಿಕೊಳ್ಳುವ ಆಪ್ರಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಕೋರ್ಸುಗಳ ಪಟ್ಟಿ ಇದೆ. ಅದರಲ್ಲಿ ಕಾಲೇಜಿನ ಹೆಸರಿನ ಜೊತೆ ನೀವು ಸೇರುವ ಕ್ಯಾಂಪಸ್ ಕೂಡ ಇದೆಯಾ ನೋಡಿ. ಪಟ್ಟಿಯಲ್ಲಿಲ್ಲದ ಕೋರ್ಸ್ ಮುಗಿಸಿದರೆ ಆ ಸರ್ಟಿಫಿಕೇಟ್ ಹಿಡಿದು ನರ್ಸ್ ಆಗಿ ನೋಂದಣಿ ಮಾಡಿಸಲು ಆಗುವುದಿಲ್ಲ. ‘ಒಪ್ಪಿಗೆ ಇನ್ನೇನು ಬಂದೇಬಿಡುತ್ತೆ’ ಅಂದರೆ ಅದು ಬಂದ ಮೇಲೆ ಸೇರಿ.

ಇನ್ನು ಪ್ಲೇಸ್‌ಮೆಂಟ್, ಅಂದರೆ ಕೋರ್ಸಿನ ಭಾಗವಾಗಿ ಆಸ್ಪತ್ರೆಯಂಥ ಕಡೆ ಮಾಡುವ ತರಬೇತಿ. ಕಾಲೇಜಿನ ಯೋಗ್ಯತೆ ಗೊತ್ತಾಗುವುದು ಇಲ್ಲೇ. ಕೋರ್ಸಿನಲ್ಲಿ ಕನಿಷ್ಠ 400 ಗಂಟೆ ನಿಜವಾದ ರೋಗಿಗಳ ಜೊತೆ ಕೆಲಸ ಕಲಿಯಬೇಕು. ಲ್ಯಾಬಿನಲ್ಲಿ ಗೊಂಬೆಯ ಮೇಲೆ ಮಾಡಿದ್ದು ಇದರಲ್ಲಿ ಸೇರುವುದಿಲ್ಲ. ಕ್ಲಾಸ್ ಎಲ್ಲ ಮುಗಿದಿದೆ, ಪ್ಲೇಸ್‌ಮೆಂಟ್ ಸಿಕ್ಕಿಲ್ಲ ಅಂತ ತಿಂಗಳುಗಟ್ಟಲೆ ಮನೆಯಲ್ಲಿ ಕೂತವರನ್ನು ನಾನು ನೋಡಿದ್ದೇನೆ. ಗಂಟೆ ತುಂಬದಿದ್ದರೆ ಡಿಪ್ಲೊಮಾ ಇಲ್ಲ, ಡಿಪ್ಲೊಮಾ ಇಲ್ಲದೆ ನೋಂದಣಿ ಇಲ್ಲ.

ಹಾಗಾಗಿ ನೇರವಾಗಿ ಕೇಳಿ. ಜಾಗ ಹುಡುಕಿಕೊಡುವವರು ಯಾರು? ಯಾವ ಆಸ್ಪತ್ರೆಗಳ ಜೊತೆ ಒಪ್ಪಂದ ಇದೆ? ಹೋದ ವರ್ಷದ ಬ್ಯಾಚ್ ಹೇಳಿದ ಸಮಯಕ್ಕೆ ಮುಗಿಸಿತಾ? ‘ನೀವೇ ಹುಡುಕಿಕೊಳ್ಳಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಎಂಥ ವಾರ್ಡುಗಳು ಸಿಗುತ್ತವೆ ಅನ್ನುವುದನ್ನೂ ಬಿಡಬೇಡಿ. ನಿಮಗೆ ಏಜ್ಡ್ ಕೇರ್ ಈಗಾಗಲೇ ಗೊತ್ತು. ವಯಸ್ಸಾದವರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು ನೀವು ದಿನಾ ಮಾಡುವ ಕೆಲಸ. 400 ಗಂಟೆಯೂ ಅಲ್ಲೇ ಕಳೆದರೆ ಹೊಸದಾಗಿ ಕಲಿಯುವುದು ಕಡಿಮೆ. ಸರ್ಜಿಕಲ್ ವಾರ್ಡಿನಲ್ಲಿ ಆಪರೇಷನ್ ಆದವರ ಡ್ರೇನ್ ಬಾಟಲಿಯಲ್ಲಿ ಎಷ್ಟು ಎಂಎಲ್ ಇದೆ, ಬಣ್ಣ ಬದಲಾಗಿದೆಯಾ ಅಂತ ನೋಡಿ ಬರೆಯಬೇಕು. ಇನ್ಸುಲಿನ್ ಕೊಡುವ ಮುಂಚೆ ಇನ್ನೊಬ್ಬ ನರ್ಸ್ ಜೊತೆ ನಿಂತು ಡೋಸ್ ತಾಳೆ ನೋಡಬೇಕು. ಏನೋ ಸರಿಯಿಲ್ಲ ಅನ್ನಿಸಿದರೆ ತಡಮಾಡದೆ ಆರ್‌ಎನ್‌ಗೆ (ರಿಜಿಸ್ಟರ್ಡ್ ನರ್ಸ್) ಹೇಳಬೇಕು. ಇದೆಲ್ಲ ಪುಸ್ತಕದಿಂದ ಬರುವುದಿಲ್ಲ.

ದುಡ್ಡಿನ ವಿಷಯ. ವಿಕ್ಟೋರಿಯಾದ ಫ್ರೀ ಟೇಫ್ ಪಟ್ಟಿಯಲ್ಲಿ ಈ ಡಿಪ್ಲೊಮಾ ಇದೆ. ಅಲ್ಲಿ ನಿಮಗೆ ಉಳಿತಾಯ ಆಗುವುದು ಬೋಧನಾ ಶುಲ್ಕ ಮಾತ್ರ. ಯೂನಿಫಾರ್ಮ್, ಪೊಲೀಸ್ ಚೆಕ್, ಲಸಿಕೆ ಅಂತ ಕೈಯಿಂದ ಒಂದಿಷ್ಟು ಹೋಗಿಯೇ ಹೋಗುತ್ತದೆ. ಖಾಸಗಿ ಕಾಲೇಜಿನವರು ‘ವೆಟ್ ಸ್ಟೂಡೆಂಟ್ ಲೋನ್ ಮಾಡಿಸಿಕೊಡ್ತೀವಿ’ ಅಂದರೆ ಹುಷಾರು. ಅದು ಸರ್ಕಾರ ಕೊಡುವ ಓದಿನ ಸಾಲ, ಮುಖ್ಯವಾಗಿ ಸಿಟಿಜನ್‌ಗಳಿಗೆ. ಬರೀ ಪಿಆರ್ ಇದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ ಅನ್ನುವುದನ್ನು ಬಾಯಿಮಾತಿನಲ್ಲಿ ನಂಬಬೇಡಿ, ಬರೆಸಿಕೊಳ್ಳಿ.

ಸೀಟಿಗೆ ಕಾಯುವಾಗ ಸುಮ್ನೆ ಕೂರಬೇಡಿ, ಲಸಿಕೆಗಳನ್ನು ಮುಗಿಸಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ಊರಲ್ಲಿ ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಯ ಕಾರ್ಡ್ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ ಹೇಳಿ! ಜಿಪಿ (ಮಾಮೂಲಿ ಡಾಕ್ಟರ್) ಹತ್ತಿರ ಹೋದರೆ ರಕ್ತ ಪರೀಕ್ಷೆ ಮಾಡಿಸಿ, ಯಾವುದು ಬೇಕೋ ಅದನ್ನು ಹಾಕುತ್ತಾರೆ. ಇಂಗ್ಲಿಷ್ ನಿಯಮವನ್ನೂ ಈಗಲೇ ಓದಿಕೊಳ್ಳಿ. ಕಾಲೇಜು ಸೇರಲು ಕೇಳುವ ಅಂಕ ಬೇರೆ ಇರಬಹುದು, ನೋಂದಣಿಗೆ ಬೋರ್ಡ್ ಕೇಳುವುದೇ ಕೊನೆಗೆ ಲೆಕ್ಕಕ್ಕೆ ಬರುವುದು.

ಪ್ರಶ್ನೆ: ನನ್ನ ತಂಗಿ ಹಾಸನದಲ್ಲಿ ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ. ಇಲ್ಲಿಗೆ ಬಂದು ಇದೇ ಡಿಪ್ಲೊಮಾ ಮಾಡಲಿ ಅನ್ನುತ್ತಾರೆ ಏಜೆಂಟರು. ಸರೀನಾ?

ಉತ್ತರ: ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಬರುವುದು ಕಾಲೇಜಿನಿಂದ, ಅದು ನೆನಪಿರಲಿ. ವಿದೇಶದಲ್ಲಿ ಓದಿದ ನರ್ಸ್‌ಗಳಿಗೆ ಆಪ್ರಾ ಸೈಟಿನಲ್ಲಿ ‘ಸೆಲ್ಫ್ ಚೆಕ್’ ಇದೆ. ಓದಿನ ವಿವರ ಹಾಕಿದರೆ ಅವಳ ಮುಂದೆ ಯಾವ ದಾರಿ ಇದೆ ಅಂತ ತಿಳಿಯುತ್ತದೆ. ಮತ್ತೆ ಓದಬೇಕಾದ ಅಗತ್ಯವೇ ಇಲ್ಲದಿರಬಹುದು, ಪರೀಕ್ಷೆ ಬರೆದರೆ ಸಾಕಾಗಬಹುದು. ಓದಲೇಬೇಕು ಅಂತಾದರೆ, ಸ್ಟೂಡೆಂಟ್ ವೀಸಾದಲ್ಲಿ ಬರುವವರಿಗೆ ಕೋರ್ಸ್ ಕ್ರಿಕೋಸ್ ಪಟ್ಟಿಯಲ್ಲೂ (ವಿದೇಶಿ ವಿದ್ಯಾರ್ಥಿಗಳು ಸೇರಬಹುದಾದ ಕೋರ್ಸುಗಳ ಸರ್ಕಾರಿ ಪಟ್ಟಿ) ಇರಬೇಕು. ಸೆಲ್ಫ್ ಚೆಕ್ ಫಲಿತಾಂಶ ಬರುವವರೆಗೂ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.