ಚೊಚ್ಚಲ ಹೆರಿಗೆ, ಹೊಲಿಗೆಯ ಹೆದರಿಕೆ

ಪ್ರಶ್ನೆ: ಸಿಸ್ಟರಮ್ಮ, ನನಗೆ ಇದು ಚೊಚ್ಚಲು. ಈಗ 32 ವಾರ, ಆಗಸ್ಟ್ ಮಧ್ಯದಲ್ಲಿ ದಿನ ಕೊಟ್ಟಿದ್ದಾರೆ. ನಮ್ಮ ಮನೆ ನಾಪೋಕ್ಲಿನಿಂದ ಒಳಗೆ, ತೋಟದ ನಡುವೆ. ಹೋದ ವರ್ಷ ನನ್ನ ಓರಗಿತ್ತಿಗೆ ಹೆರಿಗೆಯಲ್ಲಿ ಕೆಳಗೆ ಹರಿದು ಹೊಲಿಗೆ ಹಾಕಿದ್ದರು. ಎಷ್ಟೋ ದಿನ ನೆಟ್ಟಗೆ ಕೂರಲು ಆಗಲಿಲ್ಲ ಎಂದು ಈಗಲೂ ಹೇಳುತ್ತಾಳೆ. ಅದನ್ನು ಕೇಳಿದಾಗಿನಿಂದ ನನಗೆ ನೋವಿಗಿಂತ ಹರಿಯುವುದರ ಭಯವೇ ಹೆಚ್ಚು. ಎಣ್ಣೆ ತಿಕ್ಕಿದರೆ ಹರಿಯುವುದೇ ಇಲ್ಲ ಎಂದು ಫೋನಿನಲ್ಲಿ ಒಂದು ವಿಡಿಯೊ ನೋಡಿದೆ. ಅತ್ತೆ, ಹರಳೆಣ್ಣೆ ಕುಡಿ, ಸಲೀಸಾಗುತ್ತದೆ ಅನ್ನುತ್ತಾರೆ. ಇದೆಲ್ಲ ತಾಪತ್ರಯವೇ ಬೇಡ ಎಂದು ಸಿಸೇರಿಯನ್ ಮಾಡಿಸಿಕೊಂಡುಬಿಡಲೇ? ಗಂಡನ ಹತ್ತಿರ ಹೇಳಿಕೊಳ್ಳಲೂ ನಾಚಿಕೆ.
– ಹೆಸರು ಬೇಡ, ನಾಪೋಕ್ಲು

ಉತ್ತರ: ನಾಚಿಕೆಯನ್ನು ಮೊದಲು ಪಕ್ಕಕ್ಕಿಡಮ್ಮ. ಹೆರಿಗೆ ವಾರ್ಡಿನಲ್ಲೇ ತಲೆ ನರೆಸಿಕೊಂಡವಳು ನಾನು. ಮಡಿಕೇರಿಯಲ್ಲಿ ಕಚೇರಿ ಕೆಲಸ ಮಾಡುವವಳೂ, ಎಸ್ಟೇಟಿನ ಲೈನ್ ಮನೆಯಿಂದ ಬಂದವಳೂ ಕೈ ಹಿಡಿದುಕೊಂಡು ಮೆಲ್ಲಗೆ ಕೇಳುತ್ತಿದ್ದದ್ದು ಇದನ್ನೇ: "ಸಿಸ್ಟರಮ್ಮ, ಹರಿಯುತ್ತದಾ?"

ಸುಳ್ಳು ಸಮಾಧಾನ ಹೇಳುವುದಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಒಂದಿಷ್ಟು ಗಾಯವಾಗುವುದೇ ಹೆಚ್ಚು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಪ್ರಕಾರ, ಮೊದಲ ಸಲ ಸಹಜವಾಗಿ ಹೆತ್ತ 10 ಮಂದಿಯಲ್ಲಿ 9 ಮಂದಿಗೆ ತರಚುಗಾಯವೋ, ಸೀಳೋ, ಮಗು ಬರುವ ದಾರಿ ಅಗಲವಾಗಲೆಂದು ವೈದ್ಯರು ಕತ್ತರಿಯಿಂದ ಕೊಡುವ 'ಕಟ್' ಗಾಯವೋ ಏನಾದರೊಂದು ಆಗುತ್ತದೆ. ಆದರೆ ಎಲ್ಲ ಗಾಯವೂ ಒಂದೇ ಅಲ್ಲ. ಮೊದಲನೆಯ ದರ್ಜೆಯದು ಬರೀ ಚರ್ಮದ್ದು, ಎಷ್ಟೋ ಸಲ ಹೊಲಿಗೆಯೇ ಬೇಡ. ಎರಡನೆಯದು ಒಳಗಿನ ಸ್ನಾಯುವಿನವರೆಗೆ ಹೋಗುತ್ತದೆ. ಅದಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತಾನೇ ಕರಗುವ ದಾರದಲ್ಲಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಯುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ಮೂರು ಮತ್ತು ನಾಲ್ಕನೆಯ ದರ್ಜೆಗೆ, ಅಂದರೆ ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವೇ ಹರಿದಾಗ. ಬ್ರಿಟನ್ನಿನ ಲೆಕ್ಕದಲ್ಲಿ ಅದು ಚೊಚ್ಚಲಿನ 100 ಮಂದಿಯಲ್ಲಿ ಸುಮಾರು 6 ಮಂದಿಗೆ. ಮಗು 4 ಕಿಲೋ ದಾಟಿದ್ದರೆ, ತಲೆಗೆ ಚಿಮಟ (ಫೋರ್ಸೆಪ್ಸ್) ಹಾಕಿ ಎಳೆಯಬೇಕಾಗಿ ಬಂದರೆ ಸಂಭವ ಹೆಚ್ಚು. ಓರಗಿತ್ತಿಯ ಗಾಯ ಯಾವ ದರ್ಜೆಯದು ಎಂದು ಅವಳನ್ನೇ ಕೇಳಿ ನೋಡಿ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಬಹುದು. ಮನೆಮಾತಿನಲ್ಲಿ ಎರಡನೆಯ ದರ್ಜೆಯೂ ನಾಲ್ಕನೆಯದೂ ಒಂದೇ ಕಥೆಯಾಗಿಬಿಡುತ್ತವೆ.

ಇಷ್ಟು ವರ್ಷ ನೋಡಿ ನನಗೆ ಖಚಿತವಾದದ್ದು ಇದು: ಎಣ್ಣೆಗಿಂತ ಹೆಚ್ಚು ಕೆಲಸ ಮಾಡುವುದು ಮಗುವಿನ ತಲೆ ಹೊರಗೆ ಬರುವ ಆ ಕೊನೆಯ ಕೆಲವು ನಿಮಿಷಗಳಲ್ಲಿ ನೀವು ಮತ್ತು ನಿಮ್ಮ ಕಾಲ ಬಳಿ ನಿಂತವರು ತೋರುವ ನಿಧಾನ. ತಲೆ ಕಾಣಿಸಿಕೊಂಡಾಗ ಉರಿ ಉರಿ ಎನಿಸುತ್ತದೆ. ಆಗ ಯಾರಿಗಾದರೂ ಒಂದೇ ಉಸಿರಿಗೆ ಮುಕ್ಕಿ ಮುಗಿಸಿಬಿಡೋಣ ಅನ್ನಿಸುತ್ತದೆ. ಸುತ್ತ ನಿಂತವರೂ "ಮುಕ್ಕು, ಮುಕ್ಕು" ಎಂದು ಕೂಗಿಕೊಳ್ಳುತ್ತಾರೆ. ಆ ಗಳಿಗೆಯಲ್ಲೇ ಮುಕ್ಕುವುದನ್ನು ನಿಲ್ಲಿಸಿ, ಬಾಯಿ ತೆರೆದು, ಹಾ ಹಾ ಎಂದು ಸಣ್ಣ ಸಣ್ಣ ಉಸಿರು ಬಿಡಬೇಕು. ನೋವು ತಾನೇ ಮಗುವನ್ನು ತಳ್ಳುತ್ತದೆ. ಚರ್ಮಕ್ಕೆ ಹಿಗ್ಗಲು ಸಮಯ ಸಿಗುತ್ತದೆ. ಆ ಹೊತ್ತಿಗೆ ಹೊಸದಾಗಿ ಕಲಿಯಲಾಗದು, ಈಗಿನಿಂದಲೇ ಅಭ್ಯಾಸ ಮಾಡಿ. ರಾತ್ರಿ ಮಲಗುವ ಮುಂಚೆ ದವಡೆ ಸಡಿಲ ಬಿಟ್ಟು ಉಸಿರು ಬಿಡಿ. ಹಲ್ಲು ಕಚ್ಚಿಕೊಂಡವಳು ಕೆಳಗೂ ಬಿಗಿ ಹಿಡಿದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಕಡೆ ಇನ್ನೊಂದು ಮಾತಿದೆ, ಗುಡ್ಡ ಹತ್ತಿ ಇಳಿಯುವವಳಿಗೆ ಹೆರಿಗೆ ಸುಲಭ ಎಂದು. ನಡೆಯುವುದು ಒಳ್ಳೆಯದೇ, ದಮ್ಮು ಉಳಿಯುತ್ತದೆ. (ಜೂನ್ ತಿಂಗಳ ಪಾಚಿಯ ಮೇಲೆ ಮಾತ್ರ ಬೇಡ, ಜಗಲಿಯಲ್ಲೇ ನಡೆಯಿರಿ.) ಆದರೆ ಕಾಲಿನ ಬಲ ಬೇರೆ, ಆ ಜಾಗವನ್ನು ಸಡಿಲ ಬಿಡುವುದು ಬೇರೆ. ಅದಕ್ಕೇ ತಳಸ್ನಾಯುಗಳ ವ್ಯಾಯಾಮ, ಕೀಗಲ್ ಅನ್ನುತ್ತಾರಲ್ಲ, ಅದು. ಗಾಳಿ ಬಿಡದಂತೆ ತಡೆಯುವಾಗ ಎಲ್ಲಿ ಬಿಗಿಯುತ್ತೀರೋ ಅಲ್ಲಿ ಬಿಗಿದು ಐದು ಎಣಿಸಿ, ಆಮೇಲೆ ಪೂರ್ತಿ ಬಿಡಿ. ಬಿಡುವುದಕ್ಕೆ ಬಿಗಿದದ್ದಕ್ಕಿಂತ ಹೆಚ್ಚು ಹೊತ್ತು ಕೊಡಿ. ಎಂಟು ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಸಾಕು. ಮೂತ್ರ ಮಾಡುವಾಗ ತಡೆದು ಅಭ್ಯಾಸ ಮಾಡಬೇಡಿ.

ಈಗ ಎಣ್ಣೆ. ವಿಡಿಯೊದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 34–35 ವಾರದಿಂದ, ವಾರಕ್ಕೆ ಒಂದೆರಡು ಸಲ, ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಆ ಜಾಗವನ್ನು ನೀವಿಕೊಂಡ ಚೊಚ್ಚಲ ಬಸುರಿಯರಿಗೆ ಹೊಲಿಗೆ ಬೇಕಾಗುವ ಗಾಯಗಳು ಸ್ವಲ್ಪ ಕಡಿಮೆ, ಕಟ್ ಬೀಳುವುದೂ ಕಡಿಮೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಹರಿಯುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ದಿನಾ ತಿಕ್ಕಿದರೆ ಹೆಚ್ಚು ಲಾಭ ಎಂಬುದೂ ಇಲ್ಲ.

ಮಾಡುವ ಬಗೆ ಹೀಗೆ. ಉಗುರು ಕತ್ತರಿಸಿ, ಸೋಪು ಹಾಕಿ ಕೈ ತೊಳೆಯಿರಿ. ಬಿಸಿನೀರಿನ ಸ್ನಾನ ಆದ ಮೇಲೆ ಚರ್ಮ ಮೆತ್ತಗಿರುತ್ತದೆ, ಆಗ ಮಾಡುವುದು ಸುಲಭ. ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂರಿ. ಇಲ್ಲವೇ ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು ನಿಲ್ಲಿ, ಜಾರದಂತೆ ನೋಡಿಕೊಳ್ಳಿ. ವಾಸನೆ ಬೆರೆಸದ ಶುದ್ಧ ಕೊಬ್ಬರಿ ಎಣ್ಣೆ ಸಾಕು. ನಮ್ಮ ಮಳೆಗಾಲದಲ್ಲಿ ಅದು ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಅಂಗೈಯಲ್ಲಿ ಕರಗಿಸಿಕೊಳ್ಳಿ. ಸೊಪ್ಪು ಕುದಿಸಿದ ತೈಲ, ಬಾಮು ಯಾವುದೂ ಅಲ್ಲಿಗೆ ಬೇಡ. ಹೆಬ್ಬೆರಳನ್ನು ಒಂದು ಗೆಣ್ಣಿನಷ್ಟು ಒಳಗಿಟ್ಟು, ಕೆಳಗೆ ಗುದದ್ವಾರದ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಬಾಯಿಯ ಎರಡು ತುದಿಗೆ ಬೆರಳಿಟ್ಟು ಅಗಲಕ್ಕೆ ಎಳೆದರೆ ಹೇಗೆ ಚುರುಗುಟ್ಟುತ್ತದೋ ಹಾಗೆ ಆಗಬೇಕು, ನೋವಾಗಬಾರದು. ಒಂದು ನಿಮಿಷ ಹಾಗೇ ಹಿಡಿದು ಉಸಿರು ಬಿಡಿ. ಆಮೇಲೆ ಆ ಕಡೆಯಿಂದ ಈ ಕಡೆಗೆ ಬೆರಳನ್ನು ಅರ್ಧವೃತ್ತದಲ್ಲಿ ನಿಧಾನಕ್ಕೆ ಸರಿಸಿ. ಮೇಲ್ಭಾಗದಲ್ಲಿ ಮೂತ್ರದ್ವಾರವಿದೆ, ಅತ್ತ ಒತ್ತಬೇಡಿ. ಒಟ್ಟು ಐದು ನಿಮಿಷ. ಹೊಟ್ಟೆ ದೊಡ್ಡದಾಗಿ ಕೈ ಎಟುಕದಿದ್ದರೆ ಗಂಡ ಮಾಡಬಹುದು. ಹೇಳಿಕೊಳ್ಳಲು ನಾಚಿಕೆ ಎಂದಿರಿ, ಈ ಪತ್ರಿಕೆಯನ್ನೇ ಅವರ ಕಾಫಿ ಲೋಟದ ಪಕ್ಕ ಬಿಡಿಸಿಟ್ಟುಬಿಡಿ. ರಕ್ತ ಕಾಣಿಸಿದ್ದರೆ, ಮಾಸು ಕೆಳಗಿದೆ ಎಂದು ಸ್ಕ್ಯಾನಿನಲ್ಲಿ ಬಂದಿದ್ದರೆ, ನೀರು ಒಡೆದಿದ್ದರೆ, ತುರಿಕೆಯೋ ಬಿಳಿಸೆರಗಿನ ಸೋಂಕೋ ಇದ್ದರೆ, ದಿನ ತುಂಬುವ ಮುಂಚೆ ನೋವು ಬರುವ ಸೂಚನೆ ಇದ್ದರೆ ಮಾಡಲೇಬಾರದು. ಶುರು ಮಾಡುವ ಮೊದಲು ನಿಮ್ಮ ಡಾಕ್ಟರಿಗೆ ಒಂದು ಮಾತು ಕೇಳಿ.

ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ. ಇದನ್ನು ಮಾಡದೆಯೂ ಸುಖವಾಗಿ ಹೆತ್ತವರು ಬೇಕಾದಷ್ಟು ಜನ ಇದ್ದಾರೆ.

ಹರಳೆಣ್ಣೆ ಕುಡಿಯುವುದು ಬೇಡ. ಅದು ಹೊಟ್ಟೆ ತೊಳಸಿ ಭೇದಿ ಮಾಡಿಸುತ್ತದೆ, ಹೆರುವ ಮುಂಚೆಯೇ ಸುಸ್ತು ಮಾಡಿ ಕೂರಿಸುತ್ತದೆ. ಚರ್ಮಕ್ಕೆ ಏನೂ ಮಾಡುವುದಿಲ್ಲ. ಅತ್ತೆಗೆ "ಡಾಕ್ಟರು ಬೇಡ ಅಂದರು" ಎಂದು ಹೇಳಿ, ವಾದಕ್ಕೆ ನಿಲ್ಲಬೇಡಿ.

ಆಸ್ಪತ್ರೆಯಲ್ಲಿ ಏನು ಕೇಳಬೇಕು ಎಂಬುದು ಮುಖ್ಯ. ನಾನು ಕೆಲಸಕ್ಕೆ ಸೇರಿದಾಗ ಚೊಚ್ಚಲು ಎಂದರೆ ಕಟ್ ಕೊಡುವುದೇ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಎಲ್ಲರಿಗೂ ಕಟ್ ಕೊಡುವ ರೂಢಿ ಬೇಡ ಎಂದು ಹೇಳಿದೆ. ಮಗುವಿನ ಎದೆಬಡಿತ ಇಳಿದಾಗ, ಚಿಮಟ ಹಾಕುವಾಗ ಬೇಕಾಗಬಹುದು, ಆಗ ತಡೆಯಬೇಡಿ. ತಲೆ ಬರುವ ಹೊತ್ತಿಗೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಆ ಜಾಗಕ್ಕೆ ಒತ್ತಿ ಹಿಡಿಯುವುದನ್ನೂ ಅದೇ ಮಾರ್ಗಸೂಚಿ ಒಪ್ಪುತ್ತದೆ. ದೊಡ್ಡ ಸೀಳುಗಳನ್ನು ಅದು ಕಡಿಮೆ ಮಾಡುತ್ತದೆ. ಖರ್ಚೇ ಇಲ್ಲದ ಈ ಉಪಾಯವನ್ನು ಎಷ್ಟೋ ಕಡೆ ಯಾರೂ ಮಾಡುವುದಿಲ್ಲ ಎಂಬುದು ನನ್ನ ಬೇಸರ. 36ನೇ ವಾರದ ತಪಾಸಣೆಗೆ ಹೋದಾಗ ವಾರ್ಡಿನ ಸಿಸ್ಟರನ್ನು ಹುಡುಕಿ ಹೀಗೆ ಹೇಳಿ: "ನನಗೆ ಹರಿಯುವ ಭಯ ಇದೆ. ತಲೆ ಬರುವಾಗ ಎಲ್ಲಿ ನಿಲ್ಲಿಸಬೇಕು ಅಂತ ನೀವೇ ಹೇಳಿ, ನಾನು ಕೇಳುತ್ತೇನೆ. ಮಗ್ಗುಲಾಗಿ ಮಲಗಿ ಹೆರಬಹುದಾ? ಬಿಸಿಬಟ್ಟೆ ಇಡುತ್ತೀರಾ?" ಮುಂಚೆಯೇ ಇಷ್ಟು ಹೇಳಿದವಳನ್ನು ನಾವು ಮರೆಯುವುದಿಲ್ಲ. ಜೊತೆಗೊಬ್ಬರನ್ನು ಇರಿಸಿಕೊಳ್ಳಲು ಸರ್ಕಾರಿ ಆಸ್ಪತ್ರೆಯಲ್ಲೂ 2016ರಿಂದ ಕೇಂದ್ರದ ಅನುಮತಿ ಇದೆ. ಹೆತ್ತು ಅನುಭವ ಇರುವ, ಗಾಬರಿ ಬೀಳದ ಹೆಂಗಸು ಒಳ್ಳೆಯದು. ಓರಗಿತ್ತಿಯನ್ನು ಮಾತ್ರ ಈ ಸಲ ಮನೆಯಲ್ಲೇ ಬಿಡಿ.

ಸಿಸೇರಿಯನ್ನಿನಲ್ಲಿ ಕೆಳಗೆ ಹರಿಯುವುದಿಲ್ಲ, ನಿಜ. ಆದರೆ ಹೊಟ್ಟೆ, ಗರ್ಭಕೋಶ ಎರಡನ್ನೂ ಕೊಯ್ದು ಹೊಲಿಯುತ್ತಾರೆ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯವೂ ಹೆಚ್ಚುತ್ತದೆ. ಬೇಕೆಂದು ಡಾಕ್ಟರು ಹೇಳಿದರೆ ಮರುಮಾತಿಲ್ಲದೆ ಒಪ್ಪಿ. ಸಣ್ಣ ಹೊಲಿಗೆಗೆ ಹೆದರಿ ದೊಡ್ಡ ಹೊಲಿಗೆ ಹಾಕಿಸಿಕೊಳ್ಳುವುದು ನನಗೆ ಸರಿ ಕಾಣದು. ಭಯದಿಂದ ನಿದ್ದೆಯೇ ಬಾರದಂತಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಆಗಸ್ಟ್ ಎಂದಿರಿ. 2018ರ ಆಗಸ್ಟಿನಲ್ಲಿ ಕೊಡಗಿಗೆ ಬಂದ ಪ್ರವಾಹ, ಗುಡ್ಡ ಕುಸಿತ ನೆನಪಿದೆಯಲ್ಲ. ಹೊಳೆ ರಸ್ತೆಗೆ ಬರುವ ಕಾಲದಲ್ಲಿ ನೋವು ಶುರುವಾದ ಮೇಲೆ ಜೀಪು ಹುಡುಕುವುದು ಬೇಡ. ಡಾಕ್ಟರು ಕೊಟ್ಟ ದಿನಕ್ಕಿಂತ ಎರಡು ವಾರ ಮುಂಚೆಯೇ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ನೆಂಟರ ಮನೆ ಸೇರಿಕೊಳ್ಳಿ, ತಾಯಿ ಕಾರ್ಡು ಚೀಲದಲ್ಲೇ ಇರಲಿ.

ಪ್ರಶ್ನೆ: ಹೆರಿಗೆಯಾಗಿ ಆರು ದಿನ. ಹೊಲಿಗೆ ಬಿಚ್ಚುತ್ತದೆ ಎಂದು ಕಕ್ಕಸಿಗೆ ಹೋಗಲು ಹೆದರಿಕೆ. ಅಮ್ಮ ನೀರು ಕಡಿಮೆ ಕುಡಿ ಅನ್ನುತ್ತಾರೆ, ಕೆಂಡದ ಶಾಖ ಕೊಡುತ್ತೇನೆ ಅನ್ನುತ್ತಾರೆ.
– ಬಾಣಂತಿ, ಸಿದ್ದಾಪುರ

ಉತ್ತರ: ಕಕ್ಕಸಿಗೆ ಹೋದ ಮಾತ್ರಕ್ಕೆ ಹೊಲಿಗೆ ಬಿಚ್ಚುವುದು ತೀರಾ ಅಪರೂಪ. ತಡೆದು ತಡೆದು ಮಲ ಗಟ್ಟಿಯಾದರೇ ಕಷ್ಟ. ಬಾಣಂತಿಗೆ ನೀರು, ತರಕಾರಿ ಕೊಡದ ಪಥ್ಯ ನಿಮಗೆ ಶತ್ರು. ನೀರು ಚೆನ್ನಾಗಿ ಕುಡಿಯಿರಿ. ಸೊಪ್ಪು, ಬಾಳೆಹಣ್ಣು, ಬೇಳೆ ತಿನ್ನಿ. ಮುಕ್ಕುವಾಗ ಶುಭ್ರವಾದ ಪ್ಯಾಡನ್ನು ಹೊಲಿಗೆಗೆ ಒತ್ತಿ ಹಿಡಿದರೆ ಧೈರ್ಯ ಬರುತ್ತದೆ. ಆಮೇಲೆ ಮುಂದಿನಿಂದ ಹಿಂದಕ್ಕೆ ತೊಳೆದು, ಉಜ್ಜದೆ ಮೆಲ್ಲಗೆ ಬಟ್ಟೆ ಒತ್ತಿ ಒರೆಸಿ.

ಕೆಂಡದ ಶಾಖ ಖಂಡಿತ ಬೇಡ, ಸುಟ್ಟೀತು. ಕುದಿವ ನೀರನ್ನು ಅಲ್ಲಿಗೆ ಎರಚುವುದೂ ಬೇಡ. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂರಬಹುದು. ಈ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ತೇವದ ಬಟ್ಟೆ ಕಟ್ಟಿಕೊಳ್ಳುವ ಬದಲು ಪ್ಯಾಡನ್ನೇ ಬಳಸಿ, ನಾಲ್ಕು ಗಂಟೆಗೊಮ್ಮೆ ಬದಲಾಯಿಸಿ. ಜ್ವರ, ಕೆಟ್ಟ ವಾಸನೆ, ಕೀವು, ದಿನದಿಂದ ದಿನಕ್ಕೆ ಏರುವ ನೋವು, ಗಾಳಿ ಅಥವಾ ಮಲ ತಡೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ ಐದು ತಿಂಗಳು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಬೆಲ್ಲದ ಕಾಫಿಯ ಜೊತೆ ನುಂಗಬಹುದೇ? ಕಾಫಿ ಬಿಡಲು ನನ್ನಿಂದಾಗದು.
– ಸೋಮವಾರಪೇಟೆ

ಉತ್ತರ: ಕೊಡಗಿನಲ್ಲಿ ಕಾಫಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಮಾತ್ರೆಯ ಜೊತೆ ಮಾತ್ರ ಬೇಡ. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆ ಇರಲಿ. ಮಾತ್ರೆಯನ್ನು ನಿಂಬೆಹಣ್ಣಿನ ನೀರಿನ ಜೊತೆ ನುಂಗಿ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ರಕ್ತ ಕಡಿಮೆ ಇದ್ದವರಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಡೆಯಲಾಗದು, ಆದ್ದರಿಂದ ಮಾತ್ರೆ ತಪ್ಪಿಸಬೇಡಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಮಾತ್ರೆಯ ಬಣ್ಣ.